ನರ್ಸಬಾಯಿಯ ಹನ್ನೆರಡು ವಹಿಗಳು ಮತ್ತು ಎರಡು ಕೀಲಿಕೈಗಳು

2024ರ ಜೂನ್ 11, ಮಂಗಳವಾರ, ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಭಾಲ್ಕಿಯ ನಿವೃತ್ತ ನರ್ಸ್ ಲಿಡಿಯಾ ಪ್ರಭುದಾಸ ಅವರ ಇಮೇಲ್ ಖಾತೆಯ ಪಾಸ್‌ವರ್ಡನ್ನು ಯಾರೋ ಅಪರಿಚಿತರು ಬದಲಾಯಿಸಿದರು. ಈ ವೇಳೆಯನ್ನು ನಾನು ಊಹಿಸಿ ಬರೆದಿಲ್ಲ; ಖಾತೆ ಮರಳಿ ದೊರೆತ ಮೇಲೆ ಅದರ ಚಟುವಟಿಕೆಯ ಪಟ್ಟಿಯಿಂದ ಓದಿ ಬರೆದುಕೊಂಡಿದ್ದೇನೆ. ಆ ಖಾತೆಯಲ್ಲಿ ಹಣವಿರಲಿಲ್ಲ. ಎರಡು ಸಾವಿರದ ಎಂಟುನೂರ ನಲವತ್ತಾರು ಮಕ್ಕಳು ಹುಟ್ಟಿದ ದಿನ ಮತ್ತು ವೇಳೆ ಇದ್ದವು.

ಲಿಡಿಯಾ ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ, 1956ರ ಮಾರ್ಚ್ 12ರಂದು. ತಂದೆ ಪ್ರಭುದಾಸ ಮಿಶನ್ ಶಾಲೆಯ ಶಿಕ್ಷಕರು. ಲಿಡಿಯಾ ನರ್ಸ್ ತರಬೇತಿ ಮುಗಿಸಿ 1978ರಲ್ಲಿ ಸರಕಾರಿ ಸೇವೆಗೆ ಸೇರಿ, ಮೂವತ್ತೆಂಟು ವರ್ಷ ಔರಾದ ಮತ್ತು ಭಾಲ್ಕಿ ತಾಲ್ಲೂಕಿನ ಹಳ್ಳಿಗಳಲ್ಲಿಯೇ ಕೆಲಸ ಮಾಡಿದರು. ಮದುವೆಯಾಗಲಿಲ್ಲ. ಜನ ಅವರನ್ನು ನರ್ಸಬಾಯಿ ಎಂದೇ ಕರೆಯುತ್ತ ಬಂದಿದ್ದಾರೆ. ನಾನು ಔರಾದ ಉಪಖಜಾನೆಯಲ್ಲಿ ಲೆಕ್ಕಿಗನಾಗಿದ್ದಾಗ, 1991ರಲ್ಲಿ, ನನ್ನ ಎರಡನೆಯ ಮಗಳ ಹೆರಿಗೆ ಮಾಡಿಸಿದವರೂ ಅವರೇ. ನಮ್ಮ ಪರಿಚಯ ಅಂದಿನದು.

ಇಲಾಖೆಯ ರಿಜಿಸ್ಟರನ್ನು ಅವರು ಇಲಾಖೆಗೆ ಒಪ್ಪಿಸುತ್ತಿದ್ದರು. ಅದಲ್ಲದೆ ತಮ್ಮದೇ ಒಂದು ವಹಿಯನ್ನು ಬೇರೆ ಇಟ್ಟಿದ್ದರು. ಅದಕ್ಕೆ ಕಾರಣವಿತ್ತು. ನಮ್ಮ ಭಾಗದಲ್ಲಿ ಮಗುವನ್ನು ಶಾಲೆಗೆ ಸೇರಿಸುವ ದಿನ ತಂದೆಗೆ ಜನ್ಮದಿನಾಂಕ ನೆನಪಿರುತ್ತಿರಲಿಲ್ಲ. ಮಾಸ್ತರರು ಜೂನ್ ಒಂದು ಎಂದು ಬರೆದು ಮುಗಿಸುತ್ತಿದ್ದರು. ಒಂದು ಇಡೀ ತರಗತಿ ಒಂದೇ ದಿನ ಹುಟ್ಟಿದಂತಾಗುತ್ತಿತ್ತು. 1981ರಲ್ಲಿ, ತಾವೇ ಹೆರಿಗೆ ಮಾಡಿಸಿದ ನಾಲ್ಕು ಮಕ್ಕಳ ವಿಷಯದಲ್ಲಿ ಹೀಗಾದುದನ್ನು ಕಂಡು ಲಿಡಿಯಾ ಮೊದಲ ವಹಿ ಆರಂಭಿಸಿದರು. ನಿವೃತ್ತಿಯ ವೇಳೆಗೆ ಹನ್ನೆರಡು ವಹಿಗಳಾಗಿದ್ದವು. ತಾರೀಖು, ವಾರ, ವೇಳೆ, ತಾಯಿಯ ಹೆಸರು, ಕೂಸಿನ ತೂಕ, ಪಕ್ಕದಲ್ಲಿದ್ದವರ ಹೆಸರು, ಇಷ್ಟನ್ನೂ ಅವುಗಳಲ್ಲಿ ಬರೆದಿದ್ದಾರೆ. ಜನನ ಪ್ರಮಾಣಪತ್ರ ಇಲ್ಲದವರು ಇಂದಿಗೂ ಅವರ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ.

2019ರಲ್ಲಿ ಅವರ ತಮ್ಮನ ಮಗಳು, ಬೀದರದಲ್ಲಿ ನರ್ಸ್ ಆಗಿರುವ ಶರೋನ, ಎಲ್ಲ ಪುಟಗಳ ಫೋಟೋ ತೆಗೆದು ಅತ್ತೆಯ ಖಾತೆಯಲ್ಲಿ ಇಟ್ಟಳು. ಅದು ಒಳ್ಳೆಯದೇ ಆಯಿತು. ಎರಡು ವರ್ಷದ ನಂತರ ಗೆದ್ದಲು ಹತ್ತಿ ಏಳು ವಹಿಗಳು ನಾಶವಾದವು. ಆ ಏಳರ ಮಟ್ಟಿಗೆ ಖಾತೆಯಲ್ಲಿದ್ದ ಪುಟಗಳೇ ಉಳಿದ ಏಕೈಕ ದಾಖಲೆ.

ಖಾತೆಯನ್ನು ತೆರೆದುಕೊಟ್ಟದ್ದು ಭಾಲ್ಕಿ ಬಸ್ ನಿಲ್ದಾಣದ ಬಳಿಯ ಒಂದು ಆನ್‌ಲೈನ್ ಸೆಂಟರ್. ಅದರ ಮಾಲೀಕ ಅಮರನಾಥ ದುಷ್ಟನಲ್ಲ. ನಗುಮುಖದ, ಉಪಕಾರಿ ಮನುಷ್ಯ. ಆದರೆ ಅವನ ಪದ್ಧತಿ ಹೀಗಿತ್ತು: ಯಾವ ಗಿರಾಕಿಯ ಖಾತೆ ತೆರೆದರೂ ಮೊಬೈಲ್ ನಂಬರಿನ ಜಾಗದಲ್ಲಿ ತನ್ನದೇ ನಂಬರ್ ಹಾಕುವುದು, ಗಿರಾಕಿಯ ಹೆಸರು ಮತ್ತು ಹುಟ್ಟಿದ ವರ್ಷ ಸೇರಿಸಿ ಪಾಸ್‌ವರ್ಡ್ ಮಾಡುವುದು, ಅದನ್ನು ಒಂದು ಕಾರ್ಡಿನ ಮೇಲೆ ಬರೆದು ಲ್ಯಾಮಿನೇಶನ್ ಮಾಡಿಕೊಡುವುದು. ಖಾತೆ ತೆರೆಯಲು ಗುಪ್ತ ಸಂಖ್ಯೆ ಬೇಕಾದಾಗ ಗಿರಾಕಿ ಎಲ್ಲಿಂದಲಾದರೂ ಅವನಿಗೆ ಫೋನ್ ಮಾಡುತ್ತಿದ್ದ. ಅವನು ತನ್ನ ಮೊಬೈಲಿಗೆ ಬಂದ ಸಂಖ್ಯೆಯನ್ನು ಓದಿ ಹೇಳುತ್ತಿದ್ದ. ಹೀಗೆ ನಾಲ್ಕುನೂರ ಹನ್ನೆರಡು ಖಾತೆಗಳ ಬಾಗಿಲ ಚಾವಿ ಒಬ್ಬನ ಅಂಗಿಯ ಜೇಬಿನಲ್ಲಿತ್ತು. ಜನ ಇದನ್ನು ಸೌಲಭ್ಯವೆಂದೇ ತಿಳಿದಿದ್ದರು.

ಜೂನ್ 13ರಂದು ಲಿಡಿಯಾ ಅವರ ಫೋನ್ ಬಂದ ಕೂಡಲೆ ನಾನು ಬೀದರದಿಂದ ಬಸ್ ಹತ್ತಿ ಭಾಲ್ಕಿಗೆ ಹೋದೆ. ಇಬ್ಬರೂ ಸೆಂಟರಿಗೆ ಹೋದೆವು.

"ಅಮರನಾಥ, ನನ್ನ ಅಕೌಂಟ್ ತೆರಿವಲ್ದು. ಮಂಗಳವಾರ ನಿನಗ ಕೋಡ್ ಬಂದಿತ್ತೇನು?" ಎಂದು ಲಿಡಿಯಾ ಕೇಳಿದರು.

"ಬಂದಿತ್ತಲ್ರಿ ಅಕ್ಕಾ. ನಿಮ್ಮ ಅಳಿಯಾ ಔರಾದದಿಂದ ಫೋನ್ ಹಚ್ಚಿದ್ದ. ನಮ್ಮ ಅತ್ತೆಗ ಅರ್ಜೆಂಟ್ ಅದ ಅಂದ. ಹೇಳಿ ಬಿಟ್ಟೆ."

"ಯಾ ಅಳಿಯಾನೋ? ನನಗ ಲಗ್ನಾನೇ ಆಗಿಲ್ಲ. ನನ್ನ ತಮ್ಮಗ ಒಬ್ಬಾಕಿ ಮಗಳು ಬಿಟ್ರ ಯಾರಿಲ್ಲ, ಆಕೀಗೂ ಲಗ್ನ ಆಗಿಲ್ಲ. ಈ ಅಳಿಯಾ ಎಲ್ಲಿ ಹುಟ್ಟಿದ? ನನ್ನ ವಹಿದಾಗ ಅಂತೂ ಅವನ ಹೆಸರಿಲ್ಲ!"

ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ನಕ್ಕರು. ಅಮರನಾಥ ನನ್ನ ಕಡೆ ತಿರುಗಿ, "ದಿನಾ ನಲವತ್ತು ಮಂದಿ ಕೇಳ್ತಾರ್ರಿ ಕಾಕಾ. ನೀ ಯಾರು, ನಿಮ್ಮಪ್ಪ ಯಾರು ಅಂತ ಒಬ್ಬೊಬ್ಬರ್ನೂ ಕೇಳ್ಕೋತ ಕುಂತ್ರ ಮಂದಿ ಬೈತಾರ್ರಿ, ಭಾಳ ಸೊಕ್ಕು ಬಂದದ ಇವಗ ಅಂತಾರ," ಎಂದ.

"ಬೈಸಿಕೊಳ್ಳಬೇಕಾಗಿತ್ತು," ಎಂದೆ ನಾನು.

ಆ ದಿನಗಳಲ್ಲಿ ನಮಗೆ ಒಂದೊಂದು ಗಂಟೆಯೂ ಮುಖ್ಯವಾಗಿತ್ತು. ಔರಾದ ತಾಲ್ಲೂಕಿನ ಸಪನಾ ಎಂಬ ಹೆಣ್ಣುಮಗಳು ವಸತಿ ನಿಲಯವೊಂದರ ಅಡುಗೆ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅವಳ ತಂದೆತಾಯಿ ಕಬ್ಬು ಕಡಿಯಲು ಊರೂರು ತಿರುಗಿದವರಾದ್ದರಿಂದ ಅವಳ ಜನನ ಎಲ್ಲಿಯೂ ನೋಂದಣಿಯಾಗಿರಲಿಲ್ಲ. ಗುರುತಿನ ಚೀಟಿಯಲ್ಲಿ ಯಾರೋ ಅಂದಾಜಿನಿಂದ 1-1-1988 ಎಂದು ಬರೆದಿದ್ದರು. ಅದರ ಪ್ರಕಾರ ಅವಳು ಮೂವತ್ತೈದರ ವಯೋಮಿತಿ ದಾಟಿದ್ದಳು. ಲಿಡಿಯಾ ಅವರ ಐದನೆಯ ವಹಿಯ ಪ್ರಕಾರ ಅವಳಿಗೆ ಮೂವತ್ಮೂರು. ತಡವಾದ ಜನನ ನೋಂದಣಿಯ ವಿಚಾರಣೆ ಔರಾದದಲ್ಲಿ ಜೂನ್ 20ಕ್ಕೆ ನಿಗದಿಯಾಗಿತ್ತು. ಐದನೆಯ ವಹಿಯೋ ಗೆದ್ದಲು ತಿಂದ ಏಳರಲ್ಲಿ ಒಂದು.

ಪಾಸ್‌ವರ್ಡ್ ಬದಲಾದ ಏಳು ದಿನದೊಳಗೆ ಮೊದಲು ನೋಂದಾಯಿಸಿದ್ದ ಮೊಬೈಲ್ ನಂಬರಿನ ಮೂಲಕ ಖಾತೆಯನ್ನು ಮರಳಿ ಕೇಳಬಹುದೆಂಬುದನ್ನು ಶರೋನ ಓದಿ ತಿಳಿಸಿದಳು. ಲಿಡಿಯಾ ಅವರ ಮೊಬೈಲಿನಿಂದ ಮೂರು ಬಾರಿ ಯತ್ನಿಸಿದೆವು. ಮೂರು ಬಾರಿಯೂ ನಿರಾಕರಣೆ ಬಂತು. ಜೂನ್ 16ರ ಭಾನುವಾರ, ಚರ್ಚಿನ ಆರಾಧನೆ ಮುಗಿಸಿಕೊಂಡು ಲಿಡಿಯಾ ಮತ್ತು ಶರೋನ ಬಂದರು. ರಜೆಯ ದಿನವಾದರೂ ಅಮರನಾಥ ಅಂಗಡಿ ತೆರೆದ. ಖಾತೆಯನ್ನು ಮೊದಲು ತೆರೆದಿದ್ದ ಅದೇ ಕಂಪ್ಯೂಟರಿನಿಂದ, ಅದೇ ನಂಬರಿನಿಂದ ಕೇಳಿದಾಗ ಖಾತೆ ಒಲಿಯಿತು. ಹನ್ನೆರಡರಲ್ಲಿ ಐದು ವಹಿಗಳ ಪುಟಗಳನ್ನು ಕಳ್ಳ ಅಳಿಸಿದ್ದ; ಏಕೆಂಬುದು ನಮಗೆ ಇಂದಿಗೂ ತಿಳಿದಿಲ್ಲ. ಅಳಿಸಿದ್ದು ಮೂವತ್ತು ದಿನ ಖಾತೆಯ ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ. ಐದನ್ನೂ ಹೊರತೆಗೆದೆವು. ಅಂದೇ ಎಲ್ಲ ಪುಟಗಳ ಇನ್ನೊಂದು ಪ್ರತಿಯನ್ನೂ ಮಾಡಿಕೊಂಡೆವು. ಅದನ್ನು ಮೊದಲೇ ಮಾಡಬೇಕಾಗಿತ್ತೆಂಬುದನ್ನು ಒಪ್ಪುತ್ತೇನೆ.

ಜೂನ್ 20ರಂದು ಔರಾದದಲ್ಲಿ ಅಧಿಕಾರಿಗಳು ಮುದ್ರಿತ ಪುಟವನ್ನು ಓದಿದರು: "ತಾ. 9-11-1990, ಶುಕ್ರವಾರ, ಸಂಜೆ 6-50. ಹೆಣ್ಣು. ಎರಡು ಕಿಲೋ ಆರುನೂರು. ತಾಯಿ ಜಿಜಾಬಾಯಿ. ಲಾಟೀನು ಹಿಡಿದವರು ಗುರಮ್ಮ."

"ಮೂವತ್ಮೂರು ವರ್ಷದ ಹಿಂದಿನ ತಾರೀಖು ನಿಮಗೆ ನೆನಪಿದೆಯೇ?" ಎಂದು ಅವರು ಕೇಳಿದರು.

"ನೆನಪಿಲ್ರಿ ಸಾಹೇಬ್ರ. ಅದಕ್ಕೇ ಬರದಿಟ್ಟೇನಿ," ಎಂದರು ಲಿಡಿಯಾ.

ಗುರಮ್ಮ ಇನ್ನೂ ಬದುಕಿದ್ದಳು. ಅವಳೂ ಬಂದಿದ್ದಳು. "ಲಾಟೀನ ನಾನೇ ಹಿಡದಿದ್ದೆರಿ. ಕೈ ನಡುಗಿತು ಅಂತ ಈ ನರ್ಸಬಾಯಿ ನನಗ ಬೈದಿದ್ಳು. ಅದನ್ನ ಬರದಾಳೋ ಇಲ್ಲೋ ನೋಡ್ರಿ," ಎಂದಳು. ಅಧಿಕಾರಿಗಳೂ ನಕ್ಕರು. ಜುಲೈ 8ರಂದು ಸಪನಾಳ ಕೈಗೆ ಪ್ರಮಾಣಪತ್ರ ಬಂತು. ಅವಳಿಗೆ ಕೆಲಸವೂ ದೊರೆಯಿತು.

ಇಷ್ಟಕ್ಕೆ ತೃಪ್ತರಾಗಿ ಕೂಡಬಹುದಿತ್ತು. ಲಿಡಿಯಾ ಕೂಡಲಿಲ್ಲ. "ಒಮ್ಮೆ ಬಂದಾಂವ ಮತ್ತ ಬರಂಗಿಲ್ಲ ಅಂತ ಏನ್ ಭರವಸಾ ಅಣ್ಣಾರ? ಗಾಯಕ್ಕ ಬರೇ ಪಟ್ಟಿ ಕಟ್ಟಿದ್ರ ಆಗಂಗಿಲ್ಲ," ಎಂದರು. ಶರೋನ, ತಾನು ಕೆಲಸ ಮಾಡುವ ಆಸ್ಪತ್ರೆಯ ದಾಖಲೆ ವಿಭಾಗದವರು ಬಳಸುವ ಒಂದು ಸಾಧನದ ಬಗ್ಗೆ ಹೇಳಿದಳು. ಅದರ ಹೆಸರು ಸೆಕ್ಯೂರಿಟಿ ಕೀ. ಜುಲೈ 22ರಂದು ಅಂಥ ಎರಡು ಬಂದವು.

ನೋಡಲು ಅದು ಚಿಕ್ಕ ಪೆನ್ ಡ್ರೈವಿನಂತಿದೆ. ಪಾಸ್‌ವರ್ಡ್ ಬರೆದ ಮೇಲೆ ಇದನ್ನು ಮೊಬೈಲಿಗೋ ಕಂಪ್ಯೂಟರಿಗೋ ಸಿಕ್ಕಿಸಿ ಬೆರಳಿನಿಂದ ಮುಟ್ಟಬೇಕು. ಆಗ ಮಾತ್ರ ಖಾತೆ ತೆರೆಯುತ್ತದೆ. ಫೋನಿನಲ್ಲಿ ಓದಿ ಹೇಳಲು ಇದರಲ್ಲಿ ಯಾವ ಸಂಖ್ಯೆಯೂ ಇಲ್ಲ. ನಕಲಿ ವೆಬ್ ಪುಟದ ಎದುರು ಇದು ಉತ್ತರ ಕೊಡುವುದಿಲ್ಲ. ತನ್ನನ್ನು ನೋಂದಾಯಿಸಿದ ನಿಜವಾದ ವೆಬ್ ವಿಳಾಸಕ್ಕೆ ಮಾತ್ರ ಉತ್ತರಿಸುತ್ತದೆ. ಖಾತೆಗೆ ಎರಡು ಕೀಗಳನ್ನೂ ನೋಂದಾಯಿಸಿ, ಅಮರನಾಥನ ನಂಬರನ್ನು ತೆಗೆದು, ಮೊಬೈಲಿಗೆ ಸಂಖ್ಯೆ ಬರುವ ದಾರಿಯನ್ನೇ ಮುಚ್ಚಿದೆವು. ಒಂದು ಕಳೆದರೆ ಇನ್ನೊಂದು ಬೇಕು. ಎರಡೂ ಕಳೆದರೆ ಖಾತೆಯನ್ನು ಮರಳಿ ಪಡೆಯುವುದು ಬಹಳ ಕಷ್ಟ.

ಎರಡನೆಯದನ್ನು ಎಲ್ಲಿಡಬೇಕೆಂಬ ಪ್ರಶ್ನೆ ಎದ್ದಿತು. ಅಮರನಾಥ ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಅಕ್ಕಾ, ಇನ್ನೊಂದು ಚಾವಿ ನನ್ನ ಅಂಗಡ್ಯಾಗ ಇರ್ಲಿ ಬಿಡ್ರಿ. ಯಾವಾಗ ಬೇಕಂದ್ರ ಆವಾಗ ಬರ್ರಿ."

"ಹೌದಪಾ, ಮುಂದ ನನ್ನ ಇನ್ನೊಬ್ಬ ಅಳಿಯಾ ಬರ್ತಾನ, ಅವಗ ಕೊಡ್ತಿ," ಎಂದರು ಲಿಡಿಯಾ.

ಅವರು ಮಾತ್ರ ಎರಡನ್ನೂ ಒಂದೇ ದಾರಕ್ಕೆ ಕಟ್ಟಿ, ಮನೆಯ ಚಾವಿಯ ಗೊಂಚಲಿಗೆ ಸೇರಿಸಿದ್ದರು! ಆಗ ನಾನು ಖಜಾನೆಯ ಪದ್ಧತಿಯನ್ನು ವಿವರಿಸಿದೆ. ನಮ್ಮ ಕಾಲದಲ್ಲಿ ಔರಾದ ಉಪಖಜಾನೆಯ ಭದ್ರಕೋಣೆಯ ಎರಡನೆಯ ಕೀಲಿಕೈ ಔರಾದದಲ್ಲಿ ಇರುತ್ತಲೇ ಇರಲಿಲ್ಲ. ಅದನ್ನು ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಹಾಕಿ, ಬೀದರದ ಜಿಲ್ಲಾ ಖಜಾನೆಯಲ್ಲಿ ಇಡುತ್ತಿದ್ದೆವು. ವರ್ಷಕ್ಕೊಮ್ಮೆ ತರಿಸಿ, ಬೀಗಕ್ಕೆ ಹಾಕಿ ತಿರುಗಿಸಿ ನೋಡಿ, ಮತ್ತೆ ಮುದ್ರೆ ಹಾಕಿ ಕಳಿಸುತ್ತಿದ್ದೆವು. ಇಟ್ಟುಕೊಂಡವನಿಗೆ ಅದರಿಂದ ಏನೂ ತೆರೆಯುತ್ತಿರಲಿಲ್ಲ, ಏಕೆಂದರೆ ಬಾಗಿಲು ಅವನ ಊರಿನಲ್ಲಿ ಇರಲಿಲ್ಲ.

"ಅಂದ್ರ ನಿಮ್ಮ ಮ್ಯಾಲ ಭರವಸಾ ಇಡು ಅಂತೀರೇನ್ರಿ?" ಎಂದು ಲಿಡಿಯಾ ಕೇಳಿದರು.

"ಇಡಬೇಡಿರಿ. ಪಾಸ್‌ವರ್ಡ್ ನನಗೆ ತಿಳಿಸಬೇಡಿರಿ. ಬರೀ ಕೀಯಿಂದ ನಾನು ಏನೂ ಮಾಡಲಾರೆ," ಎಂದೆ.

ಅವರೇ ಬಟ್ಟೆ ಹೊಲಿದರು. ಹೆರಿಗೆ ಮಾಡಿಸಿದ ಕೈ, ಹೊಲಿಗೆ ಅಚ್ಚುಕಟ್ಟು. ಶರೋನಳ ಎದುರು ಅರಗು ಹಚ್ಚಿ ಮುದ್ರೆ ಹಾಕಿದೆವು. ಪೊಟ್ಟಣ ಬೀದರದಲ್ಲಿ ನನ್ನ ಕಪಾಟಿನಲ್ಲಿದೆ.

ಡಿಸೆಂಬರ್ 2ರ ಸೋಮವಾರ ಪರೀಕ್ಷೆ ಬಂತು. ನಿಮ್ಮ ಖಾತೆ ಇಂದೇ ಮುಚ್ಚುತ್ತದೆ ಎಂಬ ಸಂದೇಶವೊಂದು ಲಿಡಿಯಾ ಅವರ ಮೊಬೈಲಿಗೆ ಬಂತು. ಅವರು ಗಾಬರಿಯಿಂದ ಅದರಲ್ಲಿದ್ದ ಲಿಂಕನ್ನು ಒತ್ತಿದರು, ತೆರೆದ ಪುಟದಲ್ಲಿ ಪಾಸ್‌ವರ್ಡ್ ಬರೆದರು. ಪುಟ ಆರು ಅಂಕಿಯ ಸಂಖ್ಯೆ ಕೇಳಿತು. ಹಳೆಯ ರೂಢಿಯಂತೆ ಅಮರನಾಥನಿಗೆ ಫೋನ್ ಮಾಡಿದರು.

"ನನಗ ಯಾ ಕೋಡೂ ಬರಂಗಿಲ್ರಿ ಅಕ್ಕಾ ಈಗ. ನಿಮ್ಮ ಚಾವಿ ಕೇಳಿಲ್ಲೇನು?"

"ಕೇಳಿಲ್ಲೋ. ಹಚ್ಚಿದ್ರೂ ಪಿಟ್ಟೆನ್ನವಲ್ದು. ಹಾಳಾದ್ದು ಕೆಟ್ಟದ ನೋಡು."

"ಕೆಟ್ಟಿಲ್ರಿ ಅಕ್ಕಾ! ಪುಟಾನೇ ಕಳ್ಳಂದದ. ಫೋನ್ ಇಡ್ರಿ, ಅಂಗಡಿಗಿ ಬರ್ರಿ!"

ನಿಜವಾದ ಖಾತೆಯ ಪಟ್ಟಿಯನ್ನು ಮರುದಿನ ಲಿಡಿಯಾ ತೆರೆದು ತೋರಿಸಿದಾಗ ನಾನು ಓದಿದೆ: ಸರಿಯಾದ ಪಾಸ್‌ವರ್ಡಿನೊಂದಿಗೆ ಬೇರೊಂದು ರಾಜ್ಯದಿಂದ ಎರಡು ಪ್ರಯತ್ನಗಳು ನಡೆದಿದ್ದವು, ಎರಡೂ ಕೀ ಇಲ್ಲದ ಕಾರಣ ವಿಫಲ. ಪಾಸ್‌ವರ್ಡ್ ಲಿಡಿಯಾ ಅವರೇ ಬದಲಾಯಿಸಿದರು. ಒಂದು ಪುಟವೂ ಹೋಗಿರಲಿಲ್ಲ. ತಪ್ಪು ಮಾಡುವ ಮನುಷ್ಯರನ್ನೂ ಕಾಯುವ ಬೀಗವನ್ನು ನಾನು ಮೂವತ್ತಾರು ವರ್ಷದ ಸೇವೆಯಲ್ಲಿ ಕಂಡಿರಲಿಲ್ಲ. ಖಜಾನೆಯ ಬೀಗವೂ ಚಾವಿ ಹಿಡಿದವನ ತಪ್ಪನ್ನು ಕ್ಷಮಿಸುತ್ತಿರಲಿಲ್ಲ.

ಅಂದಿನಿಂದ ಅಮರನಾಥ ಬದಲಾದ. ಪ್ರತಿ ಗಿರಾಕಿಯ ಖಾತೆಯಿಂದ ತನ್ನ ನಂಬರನ್ನು ತೆಗೆದು ಅವರದನ್ನೇ ಹಾಕಿಕೊಡುತ್ತಿದ್ದಾನೆ. ಹೆಸರುಗಳ ಪಟ್ಟಿಯನ್ನು ಲಿಡಿಯಾ ಅವರೇ ಹಾಳೆಗೆ ಗೀಟು ಹಾಕಿ ಬರೆದುಕೊಟ್ಟಿದ್ದಾರೆ. ಎಪ್ಪತ್ತು ಸಮೀಪಿಸುತ್ತಿರುವ ಆ ತಾಯಿ ವಾರಕ್ಕೆರಡು ದಿನ ಅಂಗಡಿಗೆ ಹೋಗಿ, ಬಂದವರಿಗೆ ಕೀ ತೋರಿಸಿ ತಿಳಿಸುತ್ತಾರೆ. ಚರ್ಚಿನ ಮಹಿಳಾ ಸಂಘ ತನ್ನ ಖಾತೆಗೆ ಎರಡು ಕೀ ತರಿಸಿದೆ. ಔರಾದದ ಶಮೀಮ ಎಂಬ ಶಿಕ್ಷಕಿ ತನ್ನ ಶಾಲೆಯ ಖಾತೆಗೆ ತರಿಸಿದ್ದಾರೆ. 2025ರ ಮಾರ್ಚ್ 31ರ ವೇಳೆಗೆ ನಾಲ್ಕುನೂರ ಹನ್ನೆರಡರಲ್ಲಿ ಇನ್ನೂರ ಅರವತ್ತಮೂರು ಖಾತೆಗಳು ತಮ್ಮ ನಿಜವಾದ ಒಡೆಯರ ಕೈಗೆ ಬಂದಿದ್ದವು. ನೂರ ನಲವತ್ತೊಂಬತ್ತು ಉಳಿದಿವೆ. ಇದು ಒಂದು ಅಂಗಡಿಯ ಮಾತು. ಇದೇ ಪದ್ಧತಿಯ ಬೇರೆ ಅಂಗಡಿಗಳನ್ನು ನಾನು ಭಾಲ್ಕಿಯಲ್ಲಿ ಮೂರು, ಔರಾದದಲ್ಲಿ ಎರಡು, ಬೀದರ ನಗರದಲ್ಲಿ ನಾಲ್ಕು ಕಣ್ಣಾರೆ ಕಂಡಿದ್ದೇನೆ.

ಆದುದರಿಂದ ಆ ಒಂಬತ್ತು ಅಂಗಡಿಗಳ ಮಾಲೀಕರನ್ನೂ, ಅವರಿಗೆ ಪರವಾನಗಿ ಕೊಟ್ಟು ಒಮ್ಮೆಯೂ ತಪಾಸಣೆ ಮಾಡದ ಅಧಿಕಾರಿಗಳನ್ನೂ ಉದ್ದೇಶಿಸಿ ಬರೆಯುತ್ತಿದ್ದೇನೆ. ಗಿರಾಕಿಯ ಖಾತೆಗೆ ನಿಮ್ಮ ನಂಬರ್ ಹಾಕುವುದನ್ನು ಇಂದಿನಿಂದಲೇ ನಿಲ್ಲಿಸಿರಿ. ಈಗಾಗಲೇ ಹಾಕಿದ್ದನ್ನು ಮೂರು ತಿಂಗಳೊಳಗೆ ತೆಗೆದು, ಎಷ್ಟು ಖಾತೆ ಇದ್ದವು, ಎಷ್ಟು ಹಿಂದಿರುಗಿಸಿದಿರಿ ಎಂಬುದನ್ನು ತಾರೀಖು ಸಹಿತ ಬರೆದು ಅಂಗಡಿಯ ಬಾಗಿಲಿಗೆ ಹಚ್ಚಿರಿ. ಅಧಿಕಾರಿಗಳು ಖುದ್ದಾಗಿ ಹೋಗಿ ಆ ಹಾಳೆಯನ್ನು ಓದಿ, ಹತ್ತು ಗಿರಾಕಿಗಳನ್ನಾದರೂ ವಿಚಾರಿಸಿ, ಅದರ ಕೆಳಗೆ ರುಜು ಹಾಕಬೇಕು. ಅಧಿಕಾರಿಗಳೇ, ಯಾವ ತಾರೀಖಿಗೆ ತಪಾಸಣೆಗೆ ಬರುವಿರೆಂಬುದನ್ನು ನನಗೆ ಲಿಖಿತವಾಗಿ ತಿಳಿಸಿರಿ.