ಆಫೀಸಿನಲ್ಲಿ ನಡೆದ ಕುಬಸ

ಮಾಲೀಕರು ಬೈಯುತ್ತಾರೆ ಎಂದುಕೊಂಡೇ ಹೋಗಿದ್ದೆ. ಡೊಂಬಿವಲಿಯಿಂದ ಥಾಣೆಯವರೆಗೆ ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ನಿಂತು, ಯಾವ ಮಾತಿಗೆ ಯಾವ ಉತ್ತರ ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಈಗಲೇ ಯಾಕೆ ಬೇಕಿತ್ತು ಎಂದರೆ ಏನನ್ನಬೇಕು, ಕೆಲಸ ಹಾಳಾಗುತ್ತದೆ ಎಂದರೆ ಏನನ್ನಬೇಕು, ಎಲ್ಲ ತಯಾರಿತ್ತು. ಜಗಳಕ್ಕೆ ಹೆದರುವವಳಲ್ಲ ನಾನು. ಗದಗಿನ ಓಣಿಯ ನಳದ ಮುಂದೆ ಕೊಡ ಹಿಡಿದು ಬೆಳೆದವಳಿಗೆ ಯಾರೂ ಜಗಳ ಕಲಿಸಬೇಕಾಗಿಲ್ಲ. ಆದರೆ ಅಂದು ನನ್ನ ಒಂದು ಉತ್ತರವೂ ಕೆಲಸಕ್ಕೆ ಬರಲಿಲ್ಲ.

ಅವು ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮವರು ಕೆಲಸ ಮಾಡುತ್ತಿದ್ದ ಕಲ್ಯಾಣದ ಕಡೆಯ ಕಾರ್ಖಾನೆಗೆ ಬೀಗ ಬಿದ್ದಿತ್ತು. ಇವತ್ತು ತೆರೆಯುತ್ತಾರೆ, ನಾಳೆ ತೆರೆಯುತ್ತಾರೆ ಎಂದು ಮೊದಮೊದಲು ದಿನಾ ಗೇಟಿನ ಮುಂದೆ ಹೋಗಿ ಕೂತು ಬರುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಮನೆ ನಡೆಯುತ್ತಿದ್ದದ್ದು ನನ್ನ ನೌಕರಿಯಿಂದ. ಥಾಣೆಯಲ್ಲಿ ಕಬ್ಬಿಣದ ಪೈಪು ಮಾರುವ ಒಬ್ಬರ ಆಫೀಸು. ಹೆಸರಿಗೆ ನಾನು ಟೈಪಿಸ್ಟು. ಟೈಪು ಮಾಡುವುದು, ಫೋನು ಎತ್ತುವುದು, ಬ್ಯಾಂಕಿಗೆ ಓಡುವುದು, ಗೋಡೌನಿಗೆ ಮಾಲು ಬಂತೋ ಇಲ್ಲವೋ ವಿಚಾರಿಸುವುದು, ಎಲ್ಲ ನನ್ನ ತಲೆಗೇ ಕಟ್ಟಿತ್ತು. ನನಗೂ ಅದು ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಬೆಳಗ್ಗೆ ಆ ಟೇಬಲ್ಲಿನ ಮುಂದೆ ಕೂತಾಗ ನಾನು ಯಾರೋ ಒಬ್ಬಳು ಅನ್ನಿಸುತ್ತಿತ್ತು.

ಮಾಲೀಕರು ನಮ್ಮ ಕಡೆಯವರೇ, ವಿಜಾಪುರದವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ಮರಾಠಿ ಗುಮಾಸ್ತರೂ ಸೇರಿ. ಕನ್ನಡದವರ ಸಂಘದ ಕಾರ್ಯಕ್ರಮ ಎಂದರೆ ಮುಂದಿನ ಸಾಲಿನ ಕುರ್ಚಿ ಅವರದು. ಗಣಪತಿ ಹಬ್ಬದ ಊಟದ ಪಂಕ್ತಿಯಲ್ಲಿ ನಮ್ಮವರು, ನನ್ನ ಹೆಂಡತಿಗೆ ಟೈಪಿಂಗ್ ಬರುತ್ತದೆ ಎಂದದ್ದೇ ಸಾಕಾಗಿ ನನ್ನನ್ನು ತೆಗೆದುಕೊಂಡಿದ್ದರು. ಅರ್ಜಿ ಇಲ್ಲ, ಸಂದರ್ಶನ ಇಲ್ಲ. ಊರವಳು ಎಂಬುದೇ ನನ್ನ ಸರ್ಟಿಫಿಕೇಟು.

ಕಬ್ಬಿಣದ ಬಜಾರೆಲ್ಲ ಕಳಂಬೋಲಿಗೆ ಹೋಗುತ್ತದೆ ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ಕಾಕಾ ಅಲ್ಲಿ ಜಾಗ ಹಿಡಿದಿದ್ದರು. ತಾನು ಅಲ್ಲಿ ಹೋಗಿ ಕೂರುವುದು, ಥಾಣೆಯ ಆಫೀಸನ್ನು ನಾನು ನೋಡಿಕೊಳ್ಳುವುದು, ಅದಕ್ಕೆ ಮುಂಚೆ ನನ್ನನ್ನು ಪರ್ಮನೆಂಟ್ ಮಾಡುವುದು ಎಂದು ಅವರೇ ಒಂದು ಸಲವಲ್ಲ, ಹಲವು ಸಲ ಹೇಳಿದ್ದರು. ಆ ಮಾತನ್ನು ನಂಬಿಯೇ ನಾವಿಬ್ಬರೂ ಮಗು ಬೇಕು ಎಂದು ಧೈರ್ಯ ಮಾಡಿದ್ದು. ಮದುವೆಯಾಗಿ ವರ್ಷಗಳಾಗಿದ್ದವು, ಮುಂದೂಡಿ ಮುಂದೂಡಿ ಸಾಕಾಗಿತ್ತು.

ಬಸುರಾದರೆ ಮೂರು ತಿಂಗಳು ತುಂಬುವ ತನಕ ಹೊರಗೆ ಹೇಳಬಾರದು ಎಂಬುದು ನಮ್ಮಲ್ಲಿಯ ರೂಢಿ. ನಾನೂ ಹೇಳಲಿಲ್ಲ. ಗಾಡಿಯ ಹೆಂಗಸರ ಕಣ್ಣಿಗೆ ಮಾತ್ರ ಏನೂ ಮುಚ್ಚಿಡಲಾಗುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮರಾಠಿ ಹೆಂಗಸು, ಎಲ್ಲರೂ ಬಾಯಿ ಎಂದೇ ಕರೆಯುವವಳು, ನಮ್ಮ ಡಬ್ಬಿಯವರಿಗೆಲ್ಲ ಹಿರಿಯಳು, ಒಂದು ದಿನ ತಾನೇ ಎದ್ದು ನನ್ನ ಭುಜ ಒತ್ತಿ ಕೂರಿಸಿದಳು. ಸಾಹೇಬರಿಗೆ ಹೇಳಿದೆಯಾ ಎಂದು ಕೇಳಿದಳು. ನಮ್ಮ ಆಫೀಸಿನ ಪಕ್ಕದ ಕಂಪನಿಯಲ್ಲಿ ಫೋನು ನೋಡಿಕೊಳ್ಳುತ್ತಿದ್ದ ಹುಡುಗಿಯ ಹೊಟ್ಟೆ ಕಾಣಿಸಲು ಶುರುವಾದ ವಾರವೇ ಅವಳ ಲೆಕ್ಕ ಮುಗಿಸಿ ಕಳಿಸಿದ್ದರು. ಅವಳು ಮೆಟ್ಟಿಲ ಮೇಲೆ ನಿಂತು ಅತ್ತದ್ದನ್ನು ನಾನೇ ನೋಡಿದ್ದೆ.

ಕೊನೆಗೆ ಹೇಳಿದ್ದು ಮೂರು ತುಂಬಿದ ಮೇಲೆ ಒಂದು ಬೆಳಗ್ಗೆ, ಕಾಕಾ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ ಕುರ್ಚಿಗೆ ಬಂದ ಮೇಲೆ. ಒಂದು ಮಾತು ಹೇಳುವುದಿತ್ತು ಎಂದು ಶುರುಮಾಡಿದವಳಿಗೆ ಮುಂದಿನದು ಬಾಯಿಗೆ ಬರಲಿಲ್ಲ. ನಾಲ್ಕು ಹೆಣ್ಣುಮಕ್ಕಳ ತಂದೆ ಅವರು, ಅರ್ಥಮಾಡಿಕೊಂಡರು. ಎದ್ದು ನಿಂತು ಪಟಕ್ಕೆ ಕೈ ಮುಗಿದರು. ಹೆಂಡತಿಗೆ ಫೋನು ಮಾಡಿದರು. ಪೇಢೆ ತರಿಸಿ ನಮ್ಮ ಕಂಪೌಂಡಿನ ಎಲ್ಲ ಆಫೀಸುಗಳಿಗೂ ಹಂಚಿಸಿದರು. ನಾನು ಜೋಡಿಸಿಟ್ಟುಕೊಂಡ ಉತ್ತರಗಳನ್ನು ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತಿದ್ದೆ.

ಆಮೇಲೆ ಅವರು ನನ್ನ ತವರುಮನೆಯ ವಿಚಾರ ಕೇಳಿದರು. ಚೊಚ್ಚಲ ಹೆರಿಗೆಗೆ ಹೋಗಬೇಕಲ್ಲ, ಯಾರಿದ್ದಾರೆ ಅಲ್ಲಿ ಎಂದರು. ನಾನು ಶಾಲೆಗೆ ಹೋಗುತ್ತಿರುವಾಗಲೇ ಅವ್ವ ತೀರಿಕೊಂಡಿದ್ದಳು. ಅಪ್ಪ ಅಣ್ಣನ ಮನೆಯಲ್ಲಿ ಅವನ ಹೆಂಡತಿ ಹಾಕಿದ್ದು ಉಂಡುಕೊಂಡು ಇದ್ದ. ಆ ಮನೆಯಿಂದ ದೀಪಾವಳಿಗೂ ಒಂದು ಕರೆ ಬರುತ್ತಿರಲಿಲ್ಲ, ಬಾಣಂತನ ದೂರದ ಮಾತು. ಇದನ್ನು ಹೇಳುತ್ತ ಹೇಳುತ್ತ ನನ್ನ ಕಣ್ಣು ತುಂಬಿದವು. ಅಲ್ಲಿಯವರೆಗೆ ನನ್ನನ್ನು ತಂಗಿ ಎನ್ನುತ್ತಿದ್ದ ಕಾಕಾ ಅಂದು ಮೊದಲ ಸಲ ಮಗಳೆಂದರು.

“ಅಳಬ್ಯಾಡ ಮಗಳ. ಇವತ್ತಿಂದ ಇದಽ ನಿನ್ನ ತವರಮನಿ. ನಿನ್ನ ಕುಬಸ ನಾ ಮಾಡ್ತೀನಿ.”

ಕುಬಸ ಎಂದರೆ ರವಿಕೆ, ನಮ್ಮ ಕಡೆ ಸೀಮಂತಕ್ಕೂ ಅದೇ ಹೆಸರು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಕುಬಸ, ಹಸಿರು ಬಳೆ ತಂದು ಉಡಿ ತುಂಬುತ್ತಾರೆ. ಅದು ತಾಯಿ ಇದ್ದವರ ಭಾಗ್ಯ, ನನಗಲ್ಲ ಎಂದು ನಾನು ಎಂದೋ ಕೈಬಿಟ್ಟಿದ್ದೆ. ಸಂಜೆ ಮನೆಗೆ ಬಂದು ಹೇಳಿದಾಗ ನಮ್ಮವರು ಎಷ್ಟೋ ದಿನದ ಮೇಲೆ ಬಾಯ್ತುಂಬ ನಕ್ಕರು.

ಐದನೇ ತಿಂಗಳಲ್ಲಿ, ಒಂದು ಶನಿವಾರ ಮಧ್ಯಾಹ್ನ ಆಫೀಸಿನಲ್ಲೇ ಕುಬಸ ನಡೆಯಿತು. ಕಾಕೂ, ಅಂದರೆ ಕಾಕಾ ಅವರ ಹೆಂಡತಿ, ಡಬ್ಬಿಗಟ್ಟಲೆ ಹೋಳಿಗೆ, ಕಡಬು, ಮೊಸರು ಬುತ್ತಿ ಮಾಡಿಕೊಂಡು ಟ್ಯಾಕ್ಸಿಯಲ್ಲಿ ಬಂದರು. ಜಾಗ ಆಗಲಿ ಎಂದು ನನ್ನ ಟೈಪ್‌ರೈಟರನ್ನು ಎತ್ತಿ ಕಿಟಕಿಯ ಕೆಳಗೆ ನೆಲಕ್ಕಿಟ್ಟರು, ಟೇಬಲ್ಲನ್ನು ಗೋಡೆಗೆ ಸರಿಸಿದರು. ಕಾಕಾ ಅವರ ಕುರ್ಚಿಗೇ ಶಾಲು ಹಾಸಿ ನನ್ನನ್ನು ಕೂರಿಸಿದರು. ಸ್ಟೇಷನ್ನಿನ ಹತ್ತಿರದ ಬಳೆಗಾರ ಬಂದು ಮೊಣಕೈವರೆಗೂ ಹಸಿರು ಬಳೆ ಇಟ್ಟ. ಕಾಕೂ ಸೋಬಾನೆ ಹಾಡಿದರು, ಗುಮಾಸ್ತರ ಹೆಂಡತಿ ಆರತಿ ಎತ್ತಿದಳು, ಗೋಡೌನಿನ ಹಮಾಲರು ಬಾಗಿಲಲ್ಲಿ ನಿಂತು ನೋಡಿದರು. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನದ ಕೊಂಬು, ಎಲೆ ಅಡಿಕೆ ಹಾಕಿ ನನ್ನ ಉಡಿ ತುಂಬಿದರು. ನನ್ನ ಮದುವೆಯ ದಿನವೂ ನಾನು ಅಷ್ಟು ಸುಖದಲ್ಲಿರಲಿಲ್ಲ.

ಕಾಲಿಗೆ ಬಿದ್ದೆ. ಕಾಕಾ ತಲೆಯ ಮೇಲೆ ಕೈಯಿಟ್ಟು ಹರಸಿದರು. ಅದೇ ಉಸಿರಿನಲ್ಲಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಂದರು:

“ಸೋಮವಾರದಿಂದ ಬರಬ್ಯಾಡ ಮಗಳ. ಬಸರಿ ಹೆಣ್ಣಮಗಳು ಆ ಗಾಡ್ಯಾಗ ನೂಕಿಸಿಕೋತ ಬರೂದು ನನ್ನ ಕಡಿಂದ ನೋಡಲಿಕ್ಕ ಆಗೂದಿಲ್ಲ. ಆರಾಮ ಹಡದು ಬಾ.”

ಎಂಟನೇ ತಿಂಗಳವರೆಗೂ ಬರುವುದು ಎಂದು ನಾನು ಎಣಿಸಿದ್ದೆ. ಹಾಗೆಂದೆ. ಹಾಗಾದರೆ ರಜೆಯ ಅರ್ಜಿಯನ್ನಾದರೂ ಬರೆದು ಕೊಡುತ್ತೇನೆ ಎಂದೆ. ಕಾಕಾ ಎಲ್ಲರ ಕಡೆ ತಿರುಗಿ, “ಕೇಳಿದ್ರೇನು? ಮಗಳು ತವರಮನಿಗೆ ಅರ್ಜಿ ಬರೀತಾಳಂತ” ಎಂದರು. ಎಲ್ಲರೂ ನಕ್ಕರು. ಕಾಕೂ ನಕ್ಕರು, ಗುಮಾಸ್ತರು ನಕ್ಕರು. ನಾನೂ ನಕ್ಕೆ. ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತವಳು ಯಾವ ಬಾಯಿಂದ ವಾದಕ್ಕೆ ಇಳಿಯುತ್ತಾಳೆ? ಉಡಿ ತುಂಬಿದವರಿಗೆ ಎದುರಾಡುವುದು ನಮ್ಮಲ್ಲಿಲ್ಲ.

ಅಂದು ಸಂಜೆ ಗಾಡಿಯಲ್ಲಿ ಬ್ಯಾಂಕಿನ ಬಾಯಿ ನನ್ನ ಸೀರೆ ಬಳೆ ನೋಡಿ ಗಲ್ಲ ಸವರಿದಳು. ಮೊದಲು ಕೇಳಿದ್ದು, ಅರ್ಜಿ ಕೊಟ್ಟೆಯಾ ಎಂದು. ನಮ್ಮದು ಆಫೀಸಲ್ಲ, ಮನೆ ಇದ್ದ ಹಾಗೆ ಎಂದು ನನ್ನ ಹರಕು ಮರಾಠಿಯಲ್ಲಿ ಹೆಮ್ಮೆಯಿಂದ ಹೇಳಿದೆ.

“ಘರಾಸಾರ್ಖಂ ಅಸೂ ದೇ. ಪಣ್ ಅರ್ಜ್ ದೇ” ಎಂದಳು. ಮನೆಯ ಹಾಗೆಯೇ ಇರಲಿ, ಅರ್ಜಿ ಮಾತ್ರ ಕೊಡು ಎಂದು. ಪಾಪ, ಈಕೆಗೆ ನಮ್ಮ ಜನ ಗೊತ್ತಿಲ್ಲ ಎಂದುಕೊಂಡೆ. ಅವಳ ಬಗ್ಗೆ ನಿಜವಾಗಿಯೂ ಮರುಕ ಬಂತು.

ಆ ತಿಂಗಳ ಪಗಾರವನ್ನು ಗುಮಾಸ್ತರು ಮನೆಗೇ ತಂದು ಕೊಟ್ಟರು. ಮುಂದಿನ ತಿಂಗಳು ಯಾರೂ ಬರಲಿಲ್ಲ. ಕೆಳಗಿನ ಅಂಗಡಿಯಿಂದ ಫೋನು ಮಾಡಿದರೆ ಕಾಕಾ ಅಕ್ಕರೆಯಿಂದಲೇ ಮಾತಾಡುತ್ತಿದ್ದರು. ತುಪ್ಪ ತಿನ್ನುತ್ತೀಯಾ, ಕಾಲು ಬಾತಿವೆಯಾ, ಭಾರ ಎತ್ತಬೇಡ. ನಾನು ನೌಕರಿಯ ಮಾತಿಗೆ ಬರುವಷ್ಟರಲ್ಲಿ ಗಿರಾಕಿ ಬಂದರೆಂದು ಇಟ್ಟುಬಿಡುತ್ತಿದ್ದರು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು ನನಗೆ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ನಮ್ಮವರು ಉಲ್ಹಾಸನಗರದ ಅಂಗಡಿಗಳಿಗೆ ಅಲೆದು, ರವಿಕೆಯ ಹುಕ್ಕುಗಳನ್ನು ರಟ್ಟಿಗೆ ಚುಚ್ಚುವ ಕೆಲಸ ಹಿಡಿದು ತಂದರು. ಇಬ್ಬರೂ ಎದುರುಬದುರು ಕೂತು ಹುಕ್ಕು ಚುಚ್ಚುತ್ತಿದ್ದೆವು. ಬೆರಳ ತುದಿಗಳು ಒಡೆದು ಅನ್ನ ಕಲಸುವಾಗ ಉರಿಯುತ್ತಿದ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಮೊಣಕೈವರೆಗೆ ಬಳೆ ತೊಟ್ಟು ಕೂತ ನನ್ನನ್ನು ನೋಡಿದರೆ ಆ ಗಾದೆಗೆ ಬೇರೆ ಅರ್ಥ ಹೇಳಬೇಕಾಗಿರಲಿಲ್ಲ. ಆದರೂ ಹೆರಿಗೆಯಾದ ಮೇಲೆ ಹೋಗುತ್ತೇನೆ, ಹಡೆದು ಬಾ ಎಂದಿದ್ದಾರಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆ ‘ಬಾ’ ಎಂಬುದನ್ನೇ ಹಿಡಿದುಕೊಂಡು ತಿಂಗಳು ಕಳೆದೆ.

ಸರಕಾರಿ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು. ಕಾಕೂ ಕುಂಚಿಗೆ ಹೊಲಿಸಿಕೊಂಡು ನೋಡಲು ಬಂದರು. ನೌಕರಿಯ ಬಗ್ಗೆ ಅವರು ಏನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಎರಡು ತಿಂಗಳು ತುಂಬಿದ ಮೇಲೆ ಮಗುವಿನ ತಲೆಗೆ ಅದೇ ಕುಂಚಿಗೆ ಕಟ್ಟಿಕೊಂಡು, ಗದ್ದಲ ಇಳಿದ ಹೊತ್ತಿನ ಗಾಡಿ ಹಿಡಿದು ಥಾಣೆಗೆ ಹೋದೆ.

ನನ್ನ ಟೇಬಲ್ಲಿನ ಮುಂದೆ ಬೇರೆ ಹುಡುಗಿ ಕೂತಿದ್ದಳು. ಕರಾವಳಿಯ ಕಡೆಯವಳು, ಮಾತಿನಲ್ಲೇ ಗೊತ್ತಾಯಿತು. “ನಿಮಗೆ ಯಾರು ಬೇಕಿತ್ತು?” ಎಂದಳು. ತುಂಬ ಮರ್ಯಾದೆಯಿಂದಲೇ ಕೇಳಿದಳು. ಅಷ್ಟರಲ್ಲಿ ಕಾಕಾ ಒಳಗಿನಿಂದ ಬಂದು ಮಗುವನ್ನು ಎತ್ತಿಕೊಂಡರು. ಮೊಮ್ಮಗ ಬಂದ, ಮೊಮ್ಮಗ ಬಂದ ಎಂದು ಆಫೀಸೆಲ್ಲ ತಿರುಗಿ ತೋರಿಸಿದರು. ನನಗೆ ಚಹಾ ತರಿಸಿದರು. ಅಲ್ಲಿ ಕೆಲಸದವರಿಗೆ ಗ್ಲಾಸಿನಲ್ಲಿ ಚಹಾ, ಹೊರಗಿನಿಂದ ಬಂದವರಿಗೆ ಕಪ್-ಬಸಿಯಲ್ಲಿ. ನನ್ನ ಮುಂದೆ ಕಪ್-ಬಸಿ ಬಂತು. ಅದನ್ನು ನೋಡಿದ ಕೂಡಲೇ ನನಗೆ ಎಲ್ಲ ತಿಳಿದುಹೋಯಿತು. ತಿಳಿದರೂ ಕೇಳದೆ ಹೋಗುವ ಹಾಗಿರಲಿಲ್ಲ. ಮನೆಯಲ್ಲಿ ನಮ್ಮವರು ಉತ್ತರಕ್ಕೆ ಕಾಯುತ್ತಿದ್ದರು.

“ಕಾಕಾ, ಒಂದನೇ ತಾರೀಖಿನಿಂದ ಬರ್ಲೇನು?”

ಅವರು ಮಗುವಿನ ಕುಂಚಿಗೆಯ ಲಾಡಿ ಸರಿ ಮಾಡಿದರು.

“ಕೂಸಿನ್ನ ಬಿಟ್ಟು ದುಡಿಯಾಕ ಬಾ ಅಂತ ಮಗಳಿಗೆ ಯಾವ ತಂದಿ ಹೇಳ್ತಾನ?”

“ಮನ್ಯಾಗ ಮತ್ತ ಯಾರದೂ ದುಡಿಮಿ ಇಲ್ಲರಿ ಕಾಕಾ.”

“ತವರಮನಿಗೆ ಬಂದು ಕೆಲಸಾ ಕೇಳಬಾರದವ್ವಾ. ನನಗ ನಾಚಿಕಿ ಆಕ್ಕೈತಿ. ಬ್ಯಾರೆ ಏನರ ಕೇಳು.”

ಅವರ ಕಣ್ಣಲ್ಲಿ ನೀರಿತ್ತು. ನಾಟಕವಲ್ಲ, ನಿಜವಾದ ನೀರು. ನನ್ನ ಕೈಕಾಲು ಕಟ್ಟಿ ಹಾಕಿದ್ದು ಅದೇ. ಪಕ್ಕದ ಕಂಪನಿಯವನ ಹಾಗೆ ಗದರಿ ಕಳಿಸಿದ್ದರೆ ಮೆಟ್ಟಿಲ ಮೇಲೆ ನಿಂತು ಅವರ ಏಳು ತಲೆಮಾರನ್ನು ಎತ್ತಿ ಬೈದು ಬರುತ್ತಿದ್ದೆ. ಯೂನಿಯನ್ನಿನವರ ಹತ್ತಿರ ಹೋಗುತ್ತಿದ್ದೆನೋ ಏನೋ. ಮಗಳೆಂದು ಕರೆದು ಕಣ್ಣೊರೆಸಿಕೊಳ್ಳುವ ಮನುಷ್ಯನ ಮೇಲೆ ಎಲ್ಲಿ ಹೋಗಿ ದೂರು ಕೊಡುವುದು? ಕಾಕಾ ದೇವರಂಥವರು ಎಂದು ನಮ್ಮ ಜನ ಈಗಲೂ ಹೇಳುತ್ತಾರೆ. ಇರಬಹುದು. ದೇವರೂ ಕೇಳಿದ್ದೊಂದನ್ನು ಬಿಟ್ಟು ಬೇರೆಲ್ಲ ಕೊಡುತ್ತಾನೆ.

ಬೇರೆ ಏನು ಕೇಳಬೇಕು ಎಂದು ನನಗೆ ಹೊಳೆಯಲಿಲ್ಲ. ಕಳಂಬೋಲಿಯ ಆಫೀಸಿನ ಪೂಜೆ ಮುಂದಿನ ತಿಂಗಳಿದೆ, ಅಳಿಯಂದಿರನ್ನು ಕರೆದುಕೊಂಡು ಊಟಕ್ಕೆ ಬರಲೇಬೇಕು ಎಂದು ಅವರೇ ಹೇಳಿದರು. ಹೂಂ ಎಂದೆ. ನಾವು ಮಾತಾಡುವಷ್ಟು ಹೊತ್ತೂ ಆ ಹುಡುಗಿ ಟೈಪು ಮಾಡುತ್ತಲೇ ಇದ್ದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ಕೊರಳಲ್ಲಿ ಹೊಸ ತಾಳಿ ಇತ್ತು, ಅದನ್ನು ನೋಡಿ ಇನ್ನಷ್ಟು ಸಂಕಟವಾಯಿತು. ಏನಾದರೂ ಹೇಳಬೇಕೆನ್ನಿಸಿತು. ಹೇಳಿದ್ದರೆ ನಂಬುತ್ತಿದ್ದಳೇ? ನನಗೂ ಗಾಡಿಯಲ್ಲಿ ಹೇಳಿದವರಿದ್ದರಲ್ಲ.

ಡೊಂಬಿವಲಿಯಲ್ಲಿ ಇಳಿದು ಮನೆಯವರೆಗೆ ನಡೆದದ್ದು ನೆನಪಿಲ್ಲ. ನಮ್ಮವರು ಗ್ಯಾಲರಿಯ ಕಟಾಂಜನ ಹಿಡಿದು ನಿಂತಿದ್ದರು. ಗಡ್ಡ ಹೆರೆದುಕೊಂಡಿದ್ದರು, ಎಷ್ಟೋ ದಿನಗಳ ಮೇಲೆ. ನಾನು ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು ಒಳಗೆ ಬಂದ ಮೇಲೆ ಕೇಳಿದರು.

“ಏನಂದ್ರು ಕಾಕಾ?”

“ಕೂಸು ಥೇಟ್ ನಿಮ್ಮಂಗ ಐತಿ ಅಂದ್ರು.”

ಅವರು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದರು. ನಿಜವಾಗಿಯೂ ತಮ್ಮ ಹಾಗೆ ಇದೆಯೇ ಎಂದು ಅದರ ಮುಖವನ್ನು ಬಹಳ ಹೊತ್ತು ನೋಡುತ್ತ ನಿಂತರು. ಮತ್ತೇನಂದರು ಎಂದು ಕೇಳಲಿಲ್ಲ.