ಪತ್ರದಲ್ಲಿ ಇಲ್ಲದ ಸಾಲು

ಶಾಂತಾ, ಇಪ್ಪತ್ತು ವರ್ಷದ ಹಿಂದೆ ಹಿರಿಯೂರಿನ ನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತು ನಾನು ನಿನಗೆ ಓದಿ ಹೇಳಿದ ಕೊನೆಯ ಸಾಲು ದತ್ತಕ ಪತ್ರದಲ್ಲಿ ಇರಲೇ ಇಲ್ಲ. ಇಲ್ಲದ್ದನ್ನು ಓದಿದೆ. ನಿನಗೆ ಓದು ಬರುವುದಿಲ್ಲವೆಂದು ಗೊತ್ತಿದ್ದೇ ಓದಿದೆ.

ಸಂಬಂಧದಲ್ಲಿ ದೂರದ ತಂಗಿ ನೀನು. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಮೂರನೆಯದು ಕಂಕುಳಲ್ಲಿ — ಆದಿವಾಲದಿಂದ ಬೆಳಗಿನ ಬಸ್ಸಿಗೆ ನೀನು ಬಂದಿದ್ದೆ. ಕೂಸಿಗೆ ಹೊಸ ಕುಲಾವಿ ಕಟ್ಟಿದ್ದೆ. ಪತ್ರ ಬರೆಯುವವರಿಗೆ ನೀನೇ ಹೇಳಿದೆ: "ಹದಿನೆಂಟು ತುಂಬಿದ್ಮ್ಯಾಲೆ ನನ್ನ ಹೆಸರು ಹೇಳಿ, ಒಂದ್ಸಲ ನನ್ನತ್ರ ಕರ್ಕಂಬರಬೇಕು. ಅಲ್ಲಿಗಂಟ ನಾನು ಆ ಕಡೆ ತಲೆ ಹಾಕಲ್ಲ. ಇದನ್ನ ಬರೀರಿ ಸಾಮಿ."

"ಬರೆಯಾಣ. ಮೊದ್ಲು ಕೂಸು ಕೊಟ್ಟು ತಗಳ್ರಮ್ಮ, ಕಾಯಿದೆಗೆ ಅದೇ ಮುಖ್ಯ. ಕೈ ಬದಲಾಗ್ದೆ ನಾನೇನು ಬರೀಲಿ, ನನ್ನ ತಲೆ?" ಎಂದರು ಅವರು. ನೀನು ನಕ್ಕೆ. ಅಕ್ಕಿ, ಬೆಲ್ಲ, ಎಲೆಅಡಿಕೆ ಹಾಕಿ ನನ್ನ ಉಡಿ ತುಂಬಿ, ಅದರ ಮೇಲೆ ಕೂಸನ್ನು ಮಲಗಿಸಿದೆ.

ನೀನು ನೀರು ಕುಡಿಯಲು ಹೋದಾಗ ಅವರು ಮೆಲ್ಲಗೆ ಕೇಳಿದರು: "ಆ ಸಾಲು ಹಾಕ್ಲೇನ್ರಮ್ಮ?"

ಬೇಡ ಎಂದವಳು ನಾನು. ನನ್ನ ಗಂಡನಲ್ಲ, ಕಾಯಿದೆಯೂ ಅಲ್ಲ — ನಾನು. ಉಡಿಯಲ್ಲಿ ಕೂಸು ಆಗಲೇ ಬೆಚ್ಚಗೆ... ಹದಿನೆಂಟು ವರ್ಷ ಬಹಳ ಕಡಿಮೆ ಎನಿಸಿಬಿಟ್ಟಿತ್ತು.

ಒಳಗೆ ಅಧಿಕಾರಿ, "ಇದ್ರಾಗೆ ಏನೈತೆ ಅಂತ ಗೊತ್ತೇನಮ್ಮ?" ಎಂದರು. "ಅಕ್ಕ ಓದ್ಯಾಳೆ ಸಾಮಿ, ಎಲ್ಲಾ ಐತೆ," ಎಂದು ನೀನು ಹೆಬ್ಬೆಟ್ಟು ಒತ್ತಿದೆ.

ನಿನ್ನ ಮಾತು ನೀನು ಉಳಿಸಿಕೊಂಡೆ. ಹೊಳಲ್ಕೆರೆಯ ನಮ್ಮ ಮನೆಗೆ ಒಮ್ಮೆಯೂ ಬರಲಿಲ್ಲ. ಕಾವ್ಯಾಗೆ ಹದಿನೆಂಟು ತುಂಬಿದ ದಿನ ಶಾವಿಗೆ ಪಾಯಸಕ್ಕೆ ಮರೆತು ಎರಡು ಸಲ ಸಕ್ಕರೆ ಹಾಕಿದೆ; ಬಾಯಿ ಮಾತ್ರ ಬಿಡಲಿಲ್ಲ. ದತ್ತು ಬಂದವಳೆಂದು ಅವಳಿಗೆ ಗೊತ್ತಿತ್ತು. ಯಾರ ಮಗಳೆಂದು — ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ... ಹೀಗೇ ಎರಡು ವರ್ಷ.

ಕಳೆದ ವಾರ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ತಿದ್ದಿಸಲು ದತ್ತಕ ಪತ್ರ ಬೇಕಾಯಿತು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಅವಳೇ ಬೀರುವಿನಿಂದ ತೆಗೆದು, ಅಡುಗೆಮನೆಯ ಬಾಗಿಲಲ್ಲಿ ಕೂತು ಎರಡು ಬಾರಿ ಓದಿದಳು.

"ನನ್ನ ಬಗ್ಗೆ ಒಂದು ಮಾತೂ ಬರೆಸಿಲ್ವಲ್ಲಮ್ಮ ಆಯಮ್ಮ. ಕೊಟ್ಟು ಕೈ ತೊಳ್ಕಂಡ್ಳಾ?"

ಮಗಳನ್ನು ನೋಡುವ ಒಂದು ದಿನವನ್ನು ನಿನ್ನಿಂದ ಕಸಿದೆನೆಂದಷ್ಟೇ ತಿಳಿದಿದ್ದೆ. ಅವಳ ಕಣ್ಣಲ್ಲಿ ನಿನ್ನನ್ನು ಎಂಥವಳನ್ನಾಗಿ ಮಾಡಿಟ್ಟಿದ್ದೆನೆಂದು ಗೊತ್ತಾದದ್ದು ಆಗ. ಒಲೆ ಆರಿಸಿ ಎಲ್ಲ ಹೇಳಿದೆ. ಅವಳು ದತ್ತಕ ಪತ್ರ ಮಡಚಿ ಎದ್ದಳು.

"ಆದಿವಾಲಕ್ಕೆ ನಾನೊಬ್ಳೇ ಹೋಗ್ತೀನಿ. ನೀನು ಎಲ್ಲಾ ಬರ್ದು ಕೊಡು. ಓದಿ ಹೇಳೋದು ನಾನು."

ಬರೆದಿದ್ದೇನೆ. ಕ್ಷಮಿಸು ಎಂಬ ಮಾತು ಬರೆದು ಹೊಡೆದುಹಾಕಿದೆ — ಅದನ್ನೂ ನಿನ್ನಿಂದಲೇ ಬೇಡುವುದು ಸರಿಯೆನಿಸಲಿಲ್ಲ. ಶಾಂತಾ, ಈಗ ನಿನ್ನೆದುರು ಕೂತು ಇದನ್ನು ಓದುತ್ತಿರುವವಳು ನಿನ್ನ ಕೂಸೇ. ಯಾವಾಗ ವಾಪಸು ಬರುತ್ತೀ ಎಂದು ನಾನು ಅವಳನ್ನು ಕೇಳಿಲ್ಲ.