ಹೆಂಗಸರ ಸೀಟಿನಲ್ಲಿ ಮೇರಿ

ಕೆ.ಆರ್. ಪುರಂ ಕಡೆಯ ಬಸ್ಸು ಶಿವಾಜಿನಗರ ಬಿಟ್ಟಿತು. ಹೆಂಗಸರ ಸೀಟಿನಲ್ಲಿ ನನ್ನ ಹೆಂಡತಿ ಮೀನಾ, ಪಕ್ಕದಲ್ಲಿ ಬುರ್ಖಾ ತೊಟ್ಟ ಅಪರಿಚಿತೆ. ಹಿಂದೆ ನಿಂತಿದ್ದ ನನ್ನನ್ನು ತೋರಿಸಿ ಮೀನಾ, “ನಮ್ಮೋರು,” ಅಂದಳು.

“ನನ್ ಹೆಸ್ರು ಮರಿಯಮ್. ನಿಮ್ದು?”

“ಮೇರಿ.”

ಮೀನಾ ಎಂಬುದು ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಬರೆಸಿ ನಮ್ಮಮ್ಮ ಇಟ್ಟ ಹೆಸರು. ಆಗ ಅವಳು ನಕ್ಕಿದ್ದಳೆಂದು ನನ್ನ ನೆನಪು. ಆ ನೆನಪನ್ನು ಈಗ ನಂಬಲಾರೆ.

“ಅರೆ, ಇಬ್ರದೂ ಒಂದೇ ಹೆಸರಲ್ವಾ ಆಪಾ.”

ಹೀಬ್ರೂವಿನ ಮಿರಿಯಾಮ್ ಅರಬ್ಬಿಯಲ್ಲಿ ಮರಿಯಮ್ ಆಗಿ, ಇಂಗ್ಲಿಷಿನಲ್ಲಿ ಮೇರಿಯಾಗಿ, ಅಷ್ಟು ದೂರ ಸುತ್ತಿ ಬಂದು ಒಂದೇ ಸೀಟಿನಲ್ಲಿ ಕಿತ್ತಳೆ ಹಂಚಿಕೊಂಡು ನಗುತ್ತಿತ್ತು. ನಮ್ಮ ಮನೆಯಲ್ಲಿ ಎಂದೂ ಕೇಳದ ನಗು. ನನಗೆ ಹೊಟ್ಟೆ ಉರಿಯಿತು.

ಇಂದಿರಾನಗರ ಬಂತು. “ಮೀನಾ, ಇಳೀಬೇಕು,” ಎಂದೆ. ಅವಳು ತಿರುಗಲಿಲ್ಲ.

ಮರಿಯಮ್ ಅವಳ ಮೊಣಕೈ ತಟ್ಟಿದಳು. “ಮೇರಿ, ನಿಮ್ಮೋರು ಯಾರನ್ನೋ ಕರೀತಿದ್ದಾರೆ ನೋಡಿ.”